ಹಿರಿಯರಿಲ್ಲದ ದೊಡ್ಡಮನೆಗೆ ಮರಳುವವರಿಗೆ

ಧಾರವಾಡ, ಗದಗ, ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ವಾಡೆಗಳಿವೆ. ದೇಸಾಯರ ಮನೆ, ಗೌಡರ ಮನೆ, ಕುಲಕರ್ಣಿಯವರ ಮನೆ, ಶೆಟ್ಟರ ಮನೆ ಎಂದು ಊರೇ ಗುರುತು ಹಿಡಿಯುವ ಮನೆಗಳು. ಎರಡೂವರೆ ಮೂರು ಅಡಿ ದಪ್ಪದ ಮಣ್ಣಿನ ಗೋಡೆ, ಸಾಗವಾನಿ ಕಂಬ, ಕೆತ್ತಿದ ಬೋದಿಗೆ, ಹೊರಗೆ ಕಟ್ಟೆ, ಒಳಗೆ ಪಡಸಾಲೆ, ನಡುಮನೆ, ದೇವರಮನೆ, ಹಿಂದೆ ಹಿತ್ತಲು. ಅಪ್ಪ ಹೋದ ಮೇಲೆ ಅವ್ವ ಒಬ್ಬಳೇ ಇರುತ್ತಾಳೆ. ಅವ್ವನೂ ಹೋದ ಮೇಲೆ ಮನೆಗೆ ಕೀಲಿ ಬೀಳುತ್ತದೆ. ಆಮೇಲೆ ಯಾವಾಗಲೋ ಮಕ್ಕಳಲ್ಲಿ ಒಬ್ಬರು ಇಲ್ಲೇ ಇರೋಣ ಎಂದು ಬಂದು ಆ ಕೀಲಿ ತೆಗೆಯುತ್ತಾರೆ. ಅವರಿಗಾಗಿ ಈ ಬರಹ.

ಮಣ್ಣಿನ ಮನೆ ನೂರು ವರ್ಷ ನಿಂತದ್ದು ಗೋಡೆಯ ದಪ್ಪದಿಂದಷ್ಟೇ ಎಂದುಕೊಳ್ಳಬೇಡಿ. ಅವ್ವ ನೆಲ ಸಾರಿಸುತ್ತಿದ್ದಳು, ಸಾರಿಸುವಾಗ ಗೋಡೆಯ ಬುಡದಲ್ಲಿ ಎದ್ದ ಒರಲಿ (ಗೆದ್ದಲು) ಹುತ್ತ ಅವಳ ಕಣ್ಣಿಗೆ ಬೀಳುತ್ತಿತ್ತು. ಅಪ್ಪ ಮಳೆಗೆ ಮುಂಚೆ ಮಾಳಿಗೆ (ಮಣ್ಣಿನ ಸಮತಟ್ಟು ಚಾವಣಿ) ಏರಿ ಹುಲ್ಲು ಕೀಳುತ್ತಿದ್ದರು. ಒಲೆಯ ಹೊಗೆ ಜಂತಿಗಳ ನಡುವೆ ಹಾದು ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು, ಕಟ್ಟಿಗೆ ಒಣಗಿ ಹುಳ ದೂರ ಇರುತ್ತಿದ್ದವು. ಈ ಕೆಲಸಗಳು ನಿಂತ ದಿನದಿಂದ ಮನೆ ಇಳಿಮುಖವಾಗುತ್ತದೆ. ಹೋದವರನ್ನು ಈ ಮನೆಯಲ್ಲಿ ನೆನೆಯಲು ಬೇಕಾದಷ್ಟು ದಾರಿಗಳಿವೆ. ಮೊದಲನೆಯದು, ಅವರು ದಿನಾ ಏನು ಮಾಡುತ್ತಿದ್ದರು ಎಂದು ತಿಳಿದುಕೊಂಡು ಆ ಕೆಲಸವನ್ನು ಕೈಗೆತ್ತಿಕೊಳ್ಳುವುದು. ಉಳಿದದ್ದೆಲ್ಲ ಅದರ ಬೆನ್ನಿಗೆ ಬರುತ್ತದೆ.

ಹಾಗಾಗಿ ಗೌಂಡಿಯನ್ನು ಕರೆಸುವ ಮೊದಲು ಬಾಜೂ ಮನೆಯ ಹಿರಿಯರ ಕಟ್ಟೆಗೆ ಹೋಗಿ ಕೂಡಿರಿ. ಕೇಳಬೇಕಾದ ಮಾತು ಇಂಥವು: "ಕಾಕಾರ, ಜೋರ್ ಮಳಿ ಬಂದಾಗ ನಮ್ಮ ಮಾಳಿಗಿ ನೀರ ಯಾ ಕಡೆ ಬೀಳತಿತ್ತ್ರಿ? ನಮ್ಮ ಅಪ್ಪ ಮ್ಯಾಲ ಹಾಕಾಕ ಮಣ್ಣ ಎಲ್ಲಿಂದ ತರತಿದ್ರು?" "ಚಿಗವ್ವ, ಹಗೇವು ಯಾವಾಗ ಮುಚ್ಚಿದ್ರಬೇ, ಒಳಗ ಕಾಳ ಅದಾವೇನ?" (ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ.) ಕೆಲಸಕ್ಕೆ ಬರುತ್ತಿದ್ದ ಬಡಿಗೇರರ ಮನೆ ಯಾವುದು, ಯಾವ ಗೋಡೆ ಒಮ್ಮೆ ಬಿದ್ದು ಮತ್ತೆ ಕಟ್ಟಿದ್ದು, ಬಾವಿ ಯಾವ ಬರಗಾಲದಲ್ಲಿ ಬತ್ತಿತ್ತು, ಇವು ಯಾವ ಕಾಗದದಲ್ಲೂ ಸಿಗುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಯ ಮಾಹಿತಿಯ ಜೊತೆಗೆ ನಿಮ್ಮ ಅಪ್ಪ ಅವ್ವನ ಬಗ್ಗೆ ನೀವು ಕೇಳಿರದ ಮಾತುಗಳೂ ಅದರಲ್ಲಿ ಬರುತ್ತವೆ.

ಮಾಳಿಗೆ

ಮೊದಲ ಹಣ, ಮೊದಲ ಗಮನ ಎರಡೂ ಮಾಳಿಗೆಗೆ. ಮೇಲೆ ಸೋರುತ್ತಿರುವಾಗ ಕೆಳಗೆ ಬಣ್ಣ ಬಳಿದವರ ಹಣ ನೀರಲ್ಲಿ ಹೋದಂತೆಯೇ.

ನಮ್ಮ ಕಡೆಯ ಮಣ್ಣಿನ ಮಾಳಿಗೆ ಕೆಳಗಿನಿಂದ ಮೇಲಕ್ಕೆ ಹೀಗಿರುತ್ತದೆ: ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು, ಜಂತಿಯ ಮೇಲೆ ಹಲಗೆ ಅಥವಾ ಒತ್ತೊತ್ತಾಗಿ ಜೋಡಿಸಿದ ಸಣ್ಣ ಕಟ್ಟಿಗೆ, ಅದರ ಮೇಲೆ ಸೊಪ್ಪು ಇಲ್ಲವೇ ಹುಲ್ಲಿನ ಹಾಸು, ಆಮೇಲೆ ತುಳಿದ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣಿನ ಪದರ. ಈ ಕೊನೆಯ ಪದರವೇ ಮನೆಯ ಕೊಡೆ. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದಾಗ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ಮುಚ್ಚುತ್ತವೆ. ಬೆಳೆಗೆ ಕೆಟ್ಟದ್ದೆಂದು ರೈತ ಬೈಯುವ ಮಣ್ಣು ಮಾಳಿಗೆಗೆ ಒಳ್ಳೆಯದಾಗುವುದು ಇದೇ ಕಾರಣಕ್ಕೆ. ಎರೆ ಮಣ್ಣನ್ನು ಮಾತ್ರ ಮೇಲೆ ಹಾಕಬೇಡಿ. ಬೇಸಿಗೆಯಲ್ಲಿ ಅದು ಬಾಯಿ ಬಿಡುತ್ತದೆ, ಮುಂಗಾರಿಗೆ ಮುಂಚಿನ ಮೊದಲ ಅಡ್ಡಮಳೆಯ ನೀರು ಆ ಬಿರುಕಿನಲ್ಲಿ ನೆಟ್ಟಗೆ ಜಂತಿಗೆ ಇಳಿಯುತ್ತದೆ. ಮಣ್ಣಿಗಾಗಿ ಊರ ಹೊರಗಿನ ಹಾಳೂರ ದಿಬ್ಬ ಅಗೆಯುವುದೂ ಬೇಡ. ಅಂಥ ದಿಬ್ಬಗಳಲ್ಲಿ ಹಳೆಯ ಊರಿನ ಅವಶೇಷಗಳಿರುತ್ತವೆ.

ಸೋರಿದಲ್ಲೆಲ್ಲ ಮತ್ತಷ್ಟು ಮಣ್ಣು ಸುರಿಯುವುದು ಬಹಳ ಮನೆಗಳನ್ನು ಬೀಳಿಸಿದ ಅಭ್ಯಾಸ. ಲೆಕ್ಕ ನೋಡಿ. ಬಡಿದ ಮಣ್ಣು ಒಂದು ಘನ ಮೀಟರಿಗೆ ಸುಮಾರು 1,700 ಕೆಜಿ ತೂಗುತ್ತದೆ. ಒಂದು ಇಂಚು ದಪ್ಪ ಹಾಕಿದರೆ ಚದರ ಮೀಟರಿಗೆ 43 ಕೆಜಿ ಆಯಿತು. ಎಂಟಡಿ ಅಗಲ, ಹತ್ತಡಿ ಉದ್ದದ ಒಂದು ಅಂಕಣಕ್ಕೆ (ಕಂಬಗಳ ನಡುವಿನ ಜಾಗಕ್ಕೆ) ಅದು 320 ಕೆಜಿ. ವರ್ಷಕ್ಕೊಂದು ಇಂಚಿನಂತೆ ಹತ್ತು ವರ್ಷ ಹಾಕಿದರೆ ಆ ಒಂದೇ ಅಂಕಣದ ಮೇಲೆ ಮೂರು ಟನ್‌ಗಿಂತ ಹೆಚ್ಚು ಭಾರ ಕೂತಿರುತ್ತದೆ, ಅದೂ ಒಣಗಿದ್ದಾಗ. ನೆನೆದರೆ ಇನ್ನೂ ಜಾಸ್ತಿ. ಜಂತಿ ನಡುವೆ ಬಾಗಿದ್ದು ಕಂಡರೆ ಮುದಿ ಕಟ್ಟಿಗೆ ಎಂದು ಅದನ್ನು ದೂರುವ ಮುನ್ನ ಮೇಲಿನ ಮಣ್ಣಿನ ದಪ್ಪ ಅಳೆಯಿರಿ. ಹಿರಿಯರು ಹಳೆಯ ಪದರ ಕೆರೆದು ತೆಗೆದು ಆಮೇಲೆ ಹೊಸದು ಹಾಕುತ್ತಿದ್ದರು. ಆ ಕೆರೆಯುವ ಕೆಲಸ ಕೂಲಿ ಉಳಿಸಲು ಬಿಟ್ಟುಹೋಯಿತು.

ಕ್ರಮ ಹೀಗಿರಲಿ. ದೀಪಾವಳಿಯ ನಂತರ ಶುರು ಮಾಡಿ ಏಪ್ರಿಲ್ ನಡುವಿನ ಒಳಗೆ ಮುಗಿಸಬೇಕು, ಯಾಕೆಂದರೆ ನಮ್ಮಲ್ಲಿ ಅಡ್ಡಮಳೆ ಏಪ್ರಿಲ್‌ನಲ್ಲೇ ಗುಡುಗಿಕೊಂಡು ಬರುತ್ತದೆ. ಮೊದಲು ಒಳಗಿನಿಂದ ತೊಲೆಗಳಿಗೆ ಟೇಕು (ಕೆಳಗಿನಿಂದ ಆಸರೆ) ಕೊಡಿ. ಆಮೇಲೆ ಹುಲ್ಲನ್ನು ಬೇರುಸಹಿತ ಕೀಳಿ. ಮೇಲೆ ಸವರಿ ಬಿಟ್ಟರೆ ಬೇರು ಕೊಳೆತ ದಾರಿಯಲ್ಲೇ ನೀರು ಇಳಿಯುತ್ತದೆ. ಮಾಳಿಗೆಯ ಮಣ್ಣನ್ನು ಒಂದೇ ಕಡೆ ರಾಶಿ ಹಾಕದೆ ಆಗಿಂದಾಗ ಕೆಳಗೆ ಇಳಿಸಿ. ಸೊಪ್ಪಿನ ಹಾಸು ಕಂಡಾಗ ನಿಲ್ಲಿಸಿ, ಕೆಟ್ಟ ಕಟ್ಟಿಗೆ ಬದಲಿಸಿ. ಮಣ್ಣನ್ನು ಮರಳಿ ಹಾಕುವಾಗ ಎರಡೆರಡು ಇಂಚಿನ ಪದರ, ತುಸು ತೇವ, ಪ್ರತಿ ಪದರಕ್ಕೂ ಬಡಿತ. ಇಳಿಜಾರು ಹತ್ತು ಅಡಿಗೆ ಮೂರು ಇಂಚಾದರೂ ಇರಲಿ. ನೀರು ಹೊರಬೀಳುವ ಕೊಳವೆ ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದೆ ಚಾಚಿರಬೇಕು. ಗಿಡ್ಡ ಕೊಳವೆಯ ನೀರು ಗೋಡೆಗೇ ಬಡಿದು ಮೂರ್ನಾಲ್ಕು ಮಳೆಗಾಲದಲ್ಲಿ ಬುಡ ಕೊರೆಯುತ್ತದೆ.

ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿ ಅದರ ಮೇಲೆ ಮಣ್ಣು ಹಾಕುವುದು ಈಗ ಹೆಚ್ಚಾಗಿದೆ. ಮೊದಲ ವರ್ಷ ಸೋರುವುದಿಲ್ಲ, ನಿಜ. ಆದರೆ ಒಳಗಿನ ತೇವ ಮೇಲೆ ಹೋಗಲಾರದೆ ಹಾಸಿನ ಕೆಳಗೆ ನಿಂತು ಕಟ್ಟಿಗೆಯನ್ನು ಕೊಳೆಸುತ್ತದೆ, ಕೆಳಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಮೂರು ಇಂಚು ಕಾಂಕ್ರೀಟ್ ಸುರಿಯುವುದು ಇನ್ನೂ ಕೆಟ್ಟದ್ದು. ಚದರ ಮೀಟರಿಗೆ 180 ಕೆಜಿ ಹೊಸ ಭಾರ, ಜೊತೆಗೆ ಜಂತಿ ಅಲುಗಿದಾಗ ಕಾಂಕ್ರೀಟ್ ಅಲುಗದೆ ಬಿರಿಯುತ್ತದೆ. ವರ್ಷವರ್ಷ ಮಣ್ಣಿನ ಕೆಲಸ ಮಾಡಿಸಲು ಆಳು ಸಿಗದಿದ್ದರೆ ಮಾಳಿಗೆಯಿಂದ ಎರಡಡಿ ಎತ್ತರದಲ್ಲಿ, ನಾಲ್ಕೂ ಕಡೆ ಗಾಳಿ ಆಡುವಂತೆ ತಗಡಿನ ಶೆಡ್ ಹಾಕಿಸುವುದೇ ಸರಿ. ನೋಡಲು ಚಂದವಿಲ್ಲ, ಆದರೆ ಮನೆ ಉಳಿಯುತ್ತದೆ. ಅದರ ಕಾಲುಗಳು ಗೋಡೆಯ ಸಾಲಿನ ಮೇಲೆ ಬರಬೇಕು, ಜಂತಿಯ ಮೇಲಲ್ಲ. ಆಷಾಢದ ಗಾಳಿಗೆ ಹಾರದಂತೆ ಗಟ್ಟಿ ಬಿಗಿಸಬೇಕು.

ಕಲಘಟಗಿ, ಅಳ್ನಾವರ, ಹಾನಗಲ್ಲ ಕಡೆಯ ಮನೆಗಳ ಲೆಕ್ಕ ಬೇರೆ. ಮಲೆನಾಡಿನ ಅಂಚಿನ ಮಳೆಗೆ ಮಣ್ಣಿನ ಮಾಳಿಗೆ ತಡೆಯದು, ಅಲ್ಲಿ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದ ಹೆಂಚು ಇದು. ಹಳೆಯ ಹೆಂಚಿನ ಅಚ್ಚು ಕಾರ್ಖಾನೆಯಿಂದ ಕಾರ್ಖಾನೆಗೆ ತುಸು ಬೇರೆ, ಹೊಸದು ಸರಿಯಾಗಿ ಕೂಡದೆ ಸಂದಿನಲ್ಲಿ ನೀರು ಬರುತ್ತದೆ. ಕೆಡವಿದ ಮನೆಗಳಿಂದ ಅದೇ ಅಚ್ಚಿನವು ಹುಡುಕಿ ಐವತ್ತು ನೂರು ಎತ್ತಿಟ್ಟುಕೊಳ್ಳಿ.

ಗೋಡೆ, ನೆಲ

ನವಲಗುಂದ, ನರಗುಂದ, ರೋಣ, ಗದಗ ಸುತ್ತಿನ ಎರೆ ಭೂಮಿಯ ಮೇಲಿನ ಮನೆಗಳಲ್ಲಿ ಗೋಡೆ ಬಿರುಕು ಬಿಡದಿದ್ದರೆ ಅದೇ ಆಶ್ಚರ್ಯ. ಎರೆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಮೇಲಿನ ಗೋಡೆ ಅದರ ಜೊತೆ ಏರಿಳಿಯುತ್ತದೆ. ಬಿರುಕು ಕಂಡ ಕೂಡಲೇ ಸಿಮೆಂಟು ತುಂಬಿಸಬೇಡಿ. ಅದರ ಎರಡೂ ಬದಿಗೆ ಪೆನ್ಸಿಲ್ಲಿನಿಂದ ಒಂದೊಂದು ಗುರುತು ಹಾಕಿ, ನಡುವಿನ ಅಂತರ ಅಳೆದು ತಾರೀಖಿನೊಂದಿಗೆ ಗೋಡೆಯ ಮೇಲೇ ಬರೆಯಿರಿ. ತಿಂಗಳಿಗೊಮ್ಮೆ ನೋಡಿ. ಬೇಸಿಗೆಗೆ ಹಿಗ್ಗಿ ಮಳೆಗಾಲಕ್ಕೆ ಮುಚ್ಚಿಕೊಳ್ಳುವ ಬಿರುಕು ಮಣ್ಣಿನ ಆಟ, ಸುಣ್ಣ ಉಸುಕಿನ ಮೆತುವಾದ ಗಾರೆ ಅದಕ್ಕೆ ಸಾಕು. ವರ್ಷಪೂರ್ತಿ ಒಂದೇ ಸಮನೆ ಹಿಗ್ಗುತ್ತ ಹೋದರೆ ಬುಡ ಕುಸಿಯುತ್ತಿದೆ, ಎಂಜಿನಿಯರನ್ನು ಕರೆಸಿ. ಎರಡಕ್ಕೂ ಮೊದಲ ಔಷಧ ಒಂದೇ: ಗೋಡೆಯ ಬುಡಕ್ಕೆ ನೀರು ಹೋಗದಂತೆ ಹೊರಗೆ ಮೂರಡಿ ಅಗಲ ಇಳಿಜಾರು ಮಾಡಿ ಮಳೆನೀರು ದೂರ ಸಾಗಿಸುವುದು.

ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾಯಿ (ಪ್ಲಾಸ್ಟರ್) ಹಾಕಿಸುವುದು ಎಲ್ಲರೂ ಕೊಡುವ ಸಲಹೆ, ಕೇಳಬಾರದ ಸಲಹೆ. ನೆಲದ ತೇವ ಗೋಡೆಯೊಳಗೆ ಏರುತ್ತಲೇ ಇರುತ್ತದೆ. ಮಣ್ಣು, ಸುಣ್ಣ ಇದ್ದಾಗ ಅದು ಮೈಯಿಂದ ಆರಿಹೋಗುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವ ಇನ್ನೂ ಮೇಲಕ್ಕೆ ಏರಿ ಉಪ್ಪುಗಟ್ಟಿ, ಒಳಗಿನ ಮಣ್ಣು ಪುಡಿಯಾಗಿ, ಒಂದು ದಿನ ಗಿಲಾಯಿ ಹಪ್ಪಳದಂತೆ ಎದ್ದು ಬರುತ್ತದೆ. ನಡುಮನೆಗೆ ಸಿಮೆಂಟು ಬಳಿದು ಟೈಲ್ಸ್ ಹಾಕಿಸಿದಾಗಲೂ ಇದೇ ಆಗುತ್ತದೆ, ನೆಲದಿಂದ ಮೇಲೇಳಲಾರದ ತೇವ ಬದಿಯ ಗೋಡೆಗೆ ಸರಿಯುತ್ತದೆ. ಗಟ್ಟಿ ನೆಲ ಬೇಕೆಂದರೆ ಶಹಾಬಾದ ಫರಸಿ ಹಾಸಿ ಸಂದುಗಳನ್ನು ಸುಣ್ಣದ ಗಾರೆಯಿಂದ ತುಂಬಿಸಿ.

ಮಣ್ಣಿನ ಗಿಲಾಯಿಗೆ ನಾಲ್ಕು ಪುಟ್ಟಿ ಮಸಾರಿ (ಕೆಂಪು) ಮಣ್ಣು, ಒಂದು ಪುಟ್ಟಿ ಉಸುಕು, ಒಂದು ಪುಟ್ಟಿ ಹೊಟ್ಟಿನಿಂದ ಶುರು ಮಾಡಿ. ನೀರು ಹಾಕಿ ದಿನಾ ತುಳಿದು ಐದರಿಂದ ಏಳು ದಿನ ಕೊಳೆಸಬೇಕು. ಹೊಟ್ಟು ಕೊಳೆತು ಅಂಟು ಬಿಟ್ಟಾಗ ಮಣ್ಣು ಕೈಗೆ ಬೆಣ್ಣೆಯ ಹದಕ್ಕೆ ಬರುತ್ತದೆ, ವಾಸನೆ ಜೋರಾಗಿರುತ್ತದೆ, ಒಣಗಿದ ಮೇಲೆ ಹೋಗುತ್ತದೆ. ಒಂದು ಚದರಡಿ ಗೋಡೆಗೆ ಬಳಿದು ಎರಡು ಮೂರು ದಿನ ನೋಡಿ. ಬಿರುಕು ಬಿಟ್ಟರೆ ಉಸುಕು ಅಥವಾ ಹೊಟ್ಟು ಹೆಚ್ಚಿಸಿ, ಬೆರಳಿಗೆ ಪುಡಿ ಹತ್ತಿದರೆ ಮಣ್ಣು ಹೆಚ್ಚಿಸಿ. ಗೋಡೆಗೆ ನೀರು ಚಿಮುಕಿಸಿ ಅರ್ಧ ಇಂಚಿಗಿಂತ ದಪ್ಪವಾಗದಂತೆ ಬಳಿಯಿರಿ. ಎರಡನೆಯ ಪದರ ಮೊದಲನೆಯದು ಪೂರ್ತಿ ಒಣಗಿದ ಮೇಲೆ. ಮಳೆ ಸಿಡಿಯುವ ಹೊರಗೋಡೆಯ ಬುಡದ ಎರಡು ಅಡಿಗೆ ಒಂದಕ್ಕೆ ಮೂರರಂತೆ ಸುಣ್ಣ ಮತ್ತು ಉಸುಕಿನ ಗಾರೆ ಬೇಕು, ವಾರವಾದರೂ ಗೋಣಿತಟ್ಟು ಕಟ್ಟಿ ತೇವ ಇಡಬೇಕು.

ಸುಣ್ಣದ ಕಲ್ಲು ಅರಳಿಸುವಾಗ ಎಚ್ಚರ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. ಕುದಿದು ಸಿಡಿಯುತ್ತದೆ, ಪ್ಲಾಸ್ಟಿಕ್ ಬಕೀಟು ಕರಗುತ್ತದೆ. ಕಬ್ಬಿಣದ ಡ್ರಮ್ಮು, ಕಣ್ಣಿಗೆ ಕನ್ನಡಕ, ಮಕ್ಕಳು ದೂರ. ಅರಳಿದ ಸುಣ್ಣ ಎರಡು ವಾರವಾದರೂ ನೀರಿನಡಿ ಇರಲಿ. ಅರಳದೆ ಉಳಿದ ಕಾಳು ಗೋಡೆಯಲ್ಲಿ ಆಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತದೆ.

ಸುಣ್ಣ ಬಳಿಯುವ ಮೊದಲು ಒಂದು ಕೆಲಸ ಮರೆಯಬೇಡಿ. ಗೋಡೆಗಳನ್ನು, ಗೋಡೆಕಪಾಟಿನ ಬಾಗಿಲುಗಳ ಒಳಮೈಯನ್ನು ಟಾರ್ಚು ಹಿಡಿದು ನೋಡಿ. ಹಿರಿಯರಿಗೆ ವಹಿ ಹುಡುಕುವ ಪುರಸೊತ್ತಿರಲಿಲ್ಲ, ಪೆನ್ಸಿಲ್ಲು ಕಿವಿಯ ಸಂದಿಯಲ್ಲಿರುತ್ತಿತ್ತು. ಆಕಳು ಈದ ತಾರೀಖು, ಹಗೇವಿಗೆ ಹಾಕಿದ ಜೋಳದ ಚೀಲ, ಯಾರಿಗೋ ಕೊಟ್ಟ ಕೈಗಡ, ಮಗು ಹುಟ್ಟಿದ ಹೊತ್ತು, ಎಲ್ಲ ಅಲ್ಲೇ. ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಬಿಟ್ಟರೆ ಅಳಿಸಿದ ಅಕ್ಷರವೂ ಎದ್ದು ಕಾಣುತ್ತದೆ. ಹಾಗೆಯೇ ಫೋಟೋ ತೆಗೆಯಿರಿ. ಆ ಬಾಗಿಲಿಗೆ ಬಣ್ಣವನ್ನೂ ಎಣ್ಣೆಯನ್ನೂ ಹಚ್ಚಬೇಡಿ. ಅಪ್ಪನ ಅಕ್ಷರ ಇರುವ ಜಾಗ ಬೇರೆ ಯಾವ ಫೋಟೋಕ್ಕಿಂತ ದೊಡ್ಡದು ಎಂದು ನಮಗನಿಸುತ್ತದೆ, ಅದು ಅವರು ಬದುಕುತ್ತಿದ್ದಾಗಿನ ಗುರುತು.

ಕಟ್ಟಿಗೆ

ಜಂತಿ ಮೊದಲು ಕೊಳೆಯುವುದು ಗೋಡೆಯೊಳಗೆ ಹುಗಿದ ತುದಿಯಲ್ಲಿ. ಸ್ಕ್ರೂ ಡ್ರೈವರಿನಿಂದ ಚುಚ್ಚಿ ನೋಡಿ, ಸುತ್ತಿಗೆಯಿಂದ ತಟ್ಟಿ ಕೇಳಿ. ಗಟ್ಟಿ ಕಟ್ಟಿಗೆ ಠಣ್ಣೆನ್ನುತ್ತದೆ, ಟೊಳ್ಳಾದದ್ದು ಬೊದ್ದೆನ್ನುತ್ತದೆ. ಮೂರರಲ್ಲೊಂದು ಭಾಗ ಹೋಗಿದ್ದರೆ ಪಕ್ಕಕ್ಕೆ ಹೊಸ ಜಂತಿ ಜೋಡಿಸಿ, ಹಳೆಯದನ್ನು ಕೀಳಲು ಹೋದರೆ ಮೇಲಿನದೆಲ್ಲ ಬರುತ್ತದೆ. ಒರಲಿ ಗೋಡೆಗುಂಟ ಮಣ್ಣಿನ ಸುರಂಗ ಕಟ್ಟಿಕೊಂಡು ಏರುತ್ತದೆ. ಬರೀ ಒರೆಸಿ ಹಾಕಿದರೆ ವಾರದಲ್ಲಿ ಮತ್ತೆ ಕಟ್ಟುತ್ತದೆ. ಸುರಂಗ ಒಡೆದ ಮೇಲೆ ಒಂದು ಲೀಟರ್ ಬಿಸಿನೀರಿಗೆ 90 ಗ್ರಾಂ ಬೋರಾಕ್ಸ್, 60 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಬ್ರಶ್ಶಿನಿಂದ ಕಟ್ಟಿಗೆಗೆ ಎರಡು ಸಲ ಬಳಿಯಿರಿ. ಮಳೆ ತಾಗುವ ಕಡೆ ಇದು ತೊಳೆದುಹೋಗುತ್ತದೆ, ಎಣ್ಣೆ ಹಚ್ಚಿದ ಕಟ್ಟಿಗೆಯೊಳಗೆ ಇಳಿಯುವುದೂ ಇಲ್ಲ. ಹಾಗಾಗಿ ಬೋರಾಕ್ಸ್ ಮೊದಲು, ಎಣ್ಣೆ ಆಮೇಲೆ.

ಎಣ್ಣೆ ಯಾವುದು? ಅಗಸೆ ಎಣ್ಣೆ. ಶೇಂಗಾ ಎಣ್ಣೆ ಮನೆಯಲ್ಲೇ ಇದೆ ಎಂದು ಹಚ್ಚಿದರೆ ಅದು ಎಂದೂ ಒಣಗುವುದಿಲ್ಲ, ಧೂಳು ಕೂತು ಕಂಬ ಜಿಡ್ಡಾಗಿ ಕರ್ರಗಾಗುತ್ತದೆ. ಅಗಸೆ ಎಣ್ಣೆ ಗಾಳಿಯಲ್ಲಿ ಗಟ್ಟಿಯಾಗಿ ಪದರವಾಗುತ್ತದೆ. ಕುಸುಬೆ ಎಣ್ಣೆಯೂ ಒಣಗುತ್ತದೆ, ತುಸು ತಡ. ಮೊದಲ ಸಲ ಅಗಸೆ ಎಣ್ಣೆಗೆ ಸಮ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಅರ್ಧ ಗಂಟೆಯ ನಂತರ ಉಳಿದದ್ದನ್ನು ಒರೆಸಿ ತೆಗೆಯಿರಿ. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಅರಿವೆಗೆ ತಾನಾಗಿಯೇ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ಅದ್ದಿಡಿ. ಪಡಸಾಲೆಯ ತೂಗುಮಂಚ ಮತ್ತೆ ಕಟ್ಟುವವರು ಕೊಂಡಿ ತೊಲೆಗಿದೆಯೋ ಜಂತಿಗಿದೆಯೋ ನೋಡಿ. ಜಂತಿಗಿದ್ದರೆ ಕೂಡಬೇಡಿ.

ಹಗೇವು, ಬಾವಿ, ಕರೆಂಟು

ಹಗೇವಿನ ಬಾಯಿ ತೆರೆಯುವುದು ಈ ಮನೆಯ ಅತಿ ಅಪಾಯದ ಕೆಲಸ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿದಿರುತ್ತದೆ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ತುಂಬಿರುತ್ತದೆ. ಇಳಿದವನು ಕೂಗಲೂ ಆಗದೆ ಬೀಳುತ್ತಾನೆ, ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ. ಬಾಯಿ ತೆರೆದು ದಿನಗಟ್ಟಲೆ ಬಿಡಿ, ಬ್ಲೋವರಿನಿಂದ ತಳಕ್ಕೆ ಗಾಳಿ ಹಾಯಿಸಿ. ದೀಪ ಆರಲಿಲ್ಲವೆಂಬ ಪರೀಕ್ಷೆಯೊಂದನ್ನೇ ನಂಬಿ ಇಳಿಯಬೇಡಿ. ಇಳಿಯಲೇಬೇಕಾದರೆ ಸೊಂಟಕ್ಕೆ ಹಗ್ಗ, ಮೇಲೆ ಎಳೆಯಲು ಜನ. ಬಳಸುವುದಿಲ್ಲವೆಂದರೆ ಗರಸಿನಿಂದ ಅರ್ಧರ್ಧ ಅಡಿ ಪದರವಾಗಿ ಬಡಿದು ತುಂಬಿಸಿ. ಒಮ್ಮೆಲೇ ಸುರಿದರೆ ವರ್ಷದೊಳಗೆ ಕುಸಿದು ಮೇಲಿನ ನೆಲ ಬಿರಿಯುತ್ತದೆ.

ಬಾವಿಯ ಹೂಳು ತೆಗೆಸಿದ ಮೇಲೆ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 2.5 ಗ್ರಾಂ. ಮೂರು ಮೀಟರ್ ಅಡ್ಡಗಲ, ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ. ಬಕೀಟಿನಲ್ಲಿ ಕಲಸಿ ತಿಳಿಯಾದ ಮೇಲಿನ ನೀರನ್ನಷ್ಟೇ ರಾತ್ರಿ ಬಾವಿಗೆ ಹಾಕಿ, ಬೆಳಗ್ಗೆ ಬಳಸಿ. ಗದಗ ಜಿಲ್ಲೆಯಲ್ಲಿ, ಮುಖ್ಯವಾಗಿ ಮುಂಡರಗಿ ಕಡೆ, ನೆಲದ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ಮೊದಲು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ನೀರು ಬಳಕೆಗಷ್ಟೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಪಾಯಖಾನೆಯ ಗುಂಡಿ ಬಾವಿಯಿಂದ ಹದಿನೈದು ಮೀಟರ್ ದೂರ ಹಿತ್ತಲಲ್ಲಿರಲಿ, ಎರೆ ಮಣ್ಣಿನಲ್ಲಿ ನೀರು ಇಂಗುವುದು ನಿಧಾನವಾದ್ದರಿಂದ ದೊಡ್ಡದಿರಲಿ.

ಹಳೆಯ ವೈರಿಂಗ್ ಪೂರ್ತಿ ಕಿತ್ತುಹಾಕಿ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಜರಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು, ಹೊಸ ಅರ್ತಿಂಗ್, ಕರೆಂಟು ಸೋರಿದರೆ ತಾನೇ ಬಂದ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಮಣ್ಣಿನ ಗೋಡೆ ಕೊರೆಯದೆ ಮೇಲೆಯೇ ಕೇಸಿಂಗ್ ಹಾಕಿಸಿ.

ಕಾಗದಪತ್ರ

ಮಾಳಿಗೆಗೆ ಹಣ ಹಾಕುವ ಮುನ್ನ ಮನೆ ಯಾರ ಹೆಸರಲ್ಲಿದೆ ನೋಡಿ. ಎಷ್ಟೋ ಮನೆಗಳ ಉತಾರ (ಆಸ್ತಿ ದಾಖಲೆಯ ಪ್ರತಿ) ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶಾವಳಿ, ಆಮೇಲೆ ವಾರಸಾ, ಅಂದರೆ ವಾರಸುದಾರರ ಹೆಸರಿಗೆ ದಾಖಲೆ ಬದಲಿಸುವುದು. ಊರೊಳಗಿನ ಮನೆಗೆ ಪಂಚಾಯಿತಿಯ ಇ-ಸ್ವತ್ತು ನಮೂನೆ, ಹುಬ್ಬಳ್ಳಿ ಧಾರವಾಡದ ಹಳೆಯ ಓಣಿಗಳಲ್ಲಿ ಸಿಟಿಎಸ್ (ನಗರ ಸರ್ವೆ) ಉತಾರ. ಹೆಸ್ಕಾಂ ಕರೆಂಟು ಬಿಲ್ಲಿನ ಆರ್‌ಆರ್ ನಂಬರಿಗಿರುವ ಹೆಸರೂ ಬದಲಾಗಬೇಕು. ವಂಶಾವಳಿಯಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ, ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿದೆ. ಎಲ್ಲರ ಒಪ್ಪಿಗೆ ಬರೆಸಿಕೊಂಡು ಖರ್ಚು ಮಾಡಿದರೆ ಮನೆಯೂ ಉಳಿಯುತ್ತದೆ, ತವರೂ ಉಳಿಯುತ್ತದೆ.

ಪೆಟ್ಟಿಗೆಯಲ್ಲಿ ಅಕ್ಷರ ಅಕ್ಷರ ಹೆಣೆದುಕೊಂಡ ಕಾಗದ ಸಿಕ್ಕರೆ ಅದು ಮೋಡಿ, ಅಂದರೆ ಮರಾಠಿ ಬರೆಯುತ್ತಿದ್ದ ಕೂಡಕ್ಷರದ ಲಿಪಿ, ಇರಬಹುದು. 1956ರವರೆಗೆ ನಮ್ಮ ಸೀಮೆ ಮುಂಬಯಿ ಆಡಳಿತದಲ್ಲಿತ್ತು, ಹಳೆಯ ದಫ್ತರಗಳಲ್ಲಿ ಮರಾಠಿ ಮೋಡಿ ಸಾಮಾನ್ಯ. ಗದಗ, ಹಾವೇರಿಯ ಮನೆಗಳ ಕಾಗದದಲ್ಲಿ ಧಾರವಾಡ ಜಿಲ್ಲೆ ಎಂದಿದ್ದರೆ ಗಾಬರಿ ಬೇಡ, ಜಿಲ್ಲೆ ಒಡೆದದ್ದು 1997ರಲ್ಲಿ. ಓದಲು ಬರುವುದಿಲ್ಲವೆಂದು ರದ್ದಿಗೆ ಹಾಕಬೇಡಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯಂಥ ಕಡೆ ವಿಚಾರಿಸಿ.

ಫೋಟೋ, ಅರಿವೆ

ಪಡಸಾಲೆಯಲ್ಲಿ ಸಾಲಾಗಿ ಹಾಕಿದ ಹಿರಿಯರ ಫೋಟೋಗಳನ್ನು ಹೊರಗೋಡೆಗೆ ತೂಗುಹಾಕಬೇಡಿ, ಗೋಡೆಯ ತೇವ ಹಿಂಬದಿಯಿಂದ ಏರುತ್ತದೆ. ಒಳಗೋಡೆಗೆ ಹಾಕಿ, ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಅರ್ಧ ಇಂಚಿನ ಕಟ್ಟಿಗೆ ಚೂರು ಅಂಟಿಸಿದರೆ ಗಾಳಿ ಆಡುತ್ತದೆ. ಫೋಟೋ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಮುಖದ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಬಿಡಿ ಫೋಟೋಗಳನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ. ಕುಂಕುಮ, ಗಂಧ ಗಾಜಿಗೆ ಮಾತ್ರ. ಹಸಿ ಹೂಮಾಲೆ ಮರುದಿನ ತೆಗೆಯಿರಿ, ಅದರ ನೀರು ಚೌಕಟ್ಟಿನೊಳಗೆ ಇಳಿಯುತ್ತದೆ.

ಅವ್ವನ ಟ್ರಂಕಿನ ಇಳಕಲ್ಲ ಸೀರೆಗಳಿಗೆ ಕರ್ಪೂರ, ಡಾಂಬರ ಗುಳಿಗೆ ಎರಡನ್ನೂ ಕೂಡಿಸಿ ಇಡಬೇಡಿ. ಒಂದಕ್ಕೊಂದು ತಾಗಿದರೆ ಕರಗಿ ನೀರಾಗಿ ಕಲೆ ಬೀಳುತ್ತದೆ. ಒಣಗಿದ ಬೇವಿನ ಎಲೆಯನ್ನು ಅರಿವೆಯಲ್ಲಿ ಕಟ್ಟಿಡಿ, ಸೀರೆಯನ್ನು ಹಳೆಯ ಮೆತ್ತನೆಯ ಧೋತರದಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ರೇಷ್ಮೆ ಸೀಳುತ್ತದೆ.

ದಿನಾ ಉಟ್ಟು ಸವೆದ ನೂಲಿನ ಸೀರೆಗಳಿಗೆ ಟ್ರಂಕಿಗಿಂತ ಒಳ್ಳೆಯ ಜಾಗ ಕೌದಿ, ಅಂದರೆ ಹಳೆಯ ಅರಿವೆಗಳನ್ನು ಪದರವಾಗಿ ಸೇರಿಸಿ ಹೊಲಿದ ಹೊದಿಕೆ. ಒಂಬತ್ತು ಗಜದ ಸೀರೆ ಎಂಟು ಮೀಟರಿಗಿಂತ ತುಸು ಹೆಚ್ಚು ಉದ್ದ. ಏಳಡಿಯ ಮೂರು ತುಂಡು ಕತ್ತರಿಸಿದರೆ ಒಂದು ಒಂಟಿ ಹಾಸಿಗೆಯ ಕೌದಿಗೆ ಮೂರು ಪದರ ಸಿಗುತ್ತದೆ, ಮಿಕ್ಕ ತುಂಡು ಮೇಲಿನ ತೇಪೆಗೆ. ಮೊದಲು ಗಂಜಿ ಬಿಡುವಂತೆ ತೊಳೆದು ಬಿಸಿಲಿಗೆ ಹಾಕಿ. ಪದರಗಳನ್ನು ಫರಸಿಯ ಮೇಲೆ ಬಿಗಿಯಾಗಿ ಹಾಸಿ, ಮೂಲೆಗೆ ಭಾರ ಇಟ್ಟು, ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಇದನ್ನು ಬಿಟ್ಟರೆ ಒಳಪದರ ಸರಿದು ಗಂಟಾಗುತ್ತದೆ. ದಪ್ಪ ನೂಲು ಜೋಡಿಸಿ, ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬನ್ನಿ, ಸಾಲಿನಿಂದ ಸಾಲಿಗೆ ಬೆರಳಗಲ. ಸೆರಗನ್ನು ಮೇಲಿನ ಪದರಕ್ಕೆ, ಮುಖದ ಕಡೆ ಬರುವಂತೆ ಇಡಿ. ನೈಲಾನ್ ಸೀರೆ ನೂಲಿನ ಜೊತೆ ಬೆರೆಸಬೇಡಿ, ತೊಳೆದಾಗ ಒಂದು ಕುಗ್ಗಿ ಒಂದು ಉಳಿದು ಮುದುರುತ್ತದೆ. ಊರಲ್ಲಿ ಕೌದಿ ಹೊಲಿಯುವ ಅಜ್ಜಿಯರು ಇನ್ನೂ ಇದ್ದಾರೆ, ಹೊಲಿಯುವಾಗ ಪಕ್ಕದಲ್ಲಿ ಕೂತು ಕಲಿತುಕೊಳ್ಳಿ. ಅವರಲ್ಲಿ ಕೆಲವರು ನಿಮ್ಮ ಅವ್ವನ ಗೆಳತಿಯರೇ ಆಗಿರುತ್ತಾರೆ.

ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವ ಮನೆಗಳಲ್ಲಿ ಅಂದು ಹೆಣ್ಣುಮಕ್ಕಳು, ಅಳಿಯಂದಿರು, ಕಾಕಾ ಚಿಗವ್ವ ಎಲ್ಲರೂ ಬರುತ್ತಾರೆ. ಲಿಂಗಾಯತ ಮನೆಗಳಲ್ಲಿ ಹೊಲದ ಗದ್ದಿಗೆಗೂ (ಹಿರಿಯರ ಸಮಾಧಿಗೂ) ಹೋಗಿ ಬರುವುದುಂಟು, ಅದರ ಸುತ್ತ ಬೆಳೆದ ಮುಳ್ಳುಕಂಟಿಯನ್ನು ಎರಡು ದಿನ ಮುಂಚೆ ಕಡಿಸಿಡಿ. ಊಟವಾದ ಮೇಲೆ ಫೋಟೋಗಳನ್ನು ಜಮಖಾನೆಯ ಮೇಲೆ ಹರಡಿ ಒಬ್ಬೊಬ್ಬರ ಹೆಸರು, ಊರು, ಸಂಬಂಧ ಕೇಳಿ ಮೆತ್ತನೆಯ 2ಬಿ ಪೆನ್ಸಿಲ್ಲಿನಿಂದ ಹಿಂದೆ ಬರೆಯಿರಿ, ಬಾಲ್ ಪೆನ್ನು ಮುಖದ ಕಡೆ ಗೀರಾಗಿ ಏಳುತ್ತದೆ. ಅಮಾವಾಸ್ಯೆ ಬರುವುದು ಮಳೆಗಾಲ ಮುಗಿಯುತ್ತ ಬಂದಾಗ, ಜಂತಿಯ ಮೇಲೆ ಆ ವರ್ಷ ಸೋರಿದ ಕಲೆಗಳೆಲ್ಲ ಕಾಣುವ ಹೊತ್ತು. ಕಲೆಗಳಿಗೆ ಸುಣ್ಣದಿಂದ ಗುರುತು ಹಾಕಿ, ಎಷ್ಟು ಅಂಕಣಕ್ಕೆ ಮಣ್ಣು ಬೇಕೆಂದು ಎಣಿಸಿ, ಯಾರ ಪಾಲಿಗೆ ಎಷ್ಟು ಖರ್ಚು ಎಂಬುದನ್ನು ಎಲ್ಲರೂ ಇರುವಾಗಲೇ ಬರೆದುಕೊಳ್ಳಿ. ದೀಪಾವಳಿ ಮುಗಿದ ವಾರ ಮಣ್ಣಿನ ಟ್ರ್ಯಾಕ್ಟರಿಗೆ ಹೇಳಬೇಕು, ಸುಗ್ಗಿ ಶುರುವಾದರೆ ಟ್ರ್ಯಾಕ್ಟರೂ ಆಳೂ ಎರಡೂ ಸಿಗುವುದಿಲ್ಲ.